ಫಿಲಡೆಲ್ಫಿಯಾ ವಕೀಲ ಯಾರು?

ಪ್ರಶ್ನೆ: ಇಂಗ್ಲಿಷಿನಲ್ಲಿ ಮಹಾ ಚಾಣಾಕ್ಷ ವಕೀಲನನ್ನು ‘ಫಿಲಡೆಲ್ಫಿಯಾ ಲಾಯರ್’ ಎನ್ನುತ್ತಾರಲ್ಲ, ಆ ಊರಿನ ಹೆಸರೇ ಯಾಕೆ?

ಉತ್ತರ: ಈ ಮಾತನ್ನು ಸಾಮಾನ್ಯವಾಗಿ 1735ರ ಒಂದು ಮೊಕದ್ದಮೆಗೆ ಜೋಡಿಸುತ್ತಾರೆ. ಅದು ನಡೆದದ್ದು ಮಾತ್ರ ನ್ಯೂಯಾರ್ಕಿನಲ್ಲಿ, ಅದಿನ್ನೂ ಬ್ರಿಟಿಷರ ವಸಾಹತಾಗಿದ್ದಾಗ. ಗವರ್ನರ್ ವಿಲಿಯಂ ಕಾಸ್ಬಿಯನ್ನು ಟೀಕಿಸುವ ಬರಹಗಳನ್ನು ಅಚ್ಚು ಹಾಕಿದ್ದಕ್ಕೆ ಜಾನ್ ಪೀಟರ್ ಜೆಂಗರ್ ಎಂಬ ಮುದ್ರಕನನ್ನು ತಿಂಗಳುಗಟ್ಟಲೆ ಜೈಲಿನಲ್ಲಿಟ್ಟಿದ್ದರು. ಅವನ ಪರ ನಿಂತ ಇಬ್ಬರು ವಕೀಲರು ನ್ಯಾಯಾಧೀಶರ ನೇಮಕವನ್ನೇ ಪ್ರಶ್ನಿಸಿ ಸನ್ನದು ಕಳೆದುಕೊಂಡರು. ಕೊನೆಗೆ ವಿಚಾರಣೆಯ ದಿನ ಅವನ ಪರವಾಗಿ ಎದ್ದು ನಿಂತವರು ಫಿಲಡೆಲ್ಫಿಯಾದ ಹಿರಿಯ ವಕೀಲ ಆಂಡ್ರ್ಯೂ ಹ್ಯಾಮಿಲ್ಟನ್.

ಅವರು ಮೊದಲಿಗೇ, ‘ಹೌದು, ಅಚ್ಚು ಹಾಕಿದ್ದು ನನ್ನ ಕಕ್ಷಿದಾರನೇ’ ಎಂದು ಒಪ್ಪಿಕೊಂಡುಬಿಟ್ಟರು! ಅಂದಿನ ಕಾನೂನಿನಲ್ಲಿ ಕೇಸು ಸೋಲಲು ಅಷ್ಟೇ ಸಾಕಿತ್ತು. ಬರೆದದ್ದು ನಿಜವೋ ಸುಳ್ಳೋ ಎಂಬುದು ಲೆಕ್ಕಕ್ಕೇ ಇರಲಿಲ್ಲ. ಹ್ಯಾಮಿಲ್ಟನ್ ಜ್ಯೂರಿಯತ್ತ ತಿರುಗಿದರು. ಸುಳ್ಳು ಬರೆದಿದ್ದರೆ ತಾನೇ ಅಪರಾಧ, ನಿಜ ಹೇಳಿದವನಿಗೆ ಶಿಕ್ಷೆ ಯಾವ ನ್ಯಾಯ ಎಂದು ವಾದಿಸಿದರು. ನ್ಯಾಯಾಧೀಶರು ಒಪ್ಪಲಿಲ್ಲ. ಜ್ಯೂರಿ ಒಪ್ಪಿತು, ಸ್ವಲ್ಪ ಹೊತ್ತಿನಲ್ಲೇ ಜೆಂಗರ್ ಖುಲಾಸೆಯಾದ.

ಕಾನೂನು ಏಕಾಏಕಿ ಬದಲಾಗಲಿಲ್ಲ, ಆದರೆ ಪತ್ರಿಕಾ ಸ್ವಾತಂತ್ರ್ಯದ ಮಾತು ಬಂದಾಗಲೆಲ್ಲ ಅಮೆರಿಕನ್ನರು ಈ ಕೇಸನ್ನು ನೆನೆಯುತ್ತಾರೆ. ಮುಂದೆ ಆ ನುಡಿಗಟ್ಟಿಗೆ ಕಾನೂನಿನ ಸಂದುಗೊಂದು ಹುಡುಕಿ ನುಣುಚಿಕೊಳ್ಳುವವನು ಎಂಬ ಅರ್ಥವೂ ಅಂಟಿಕೊಂಡಿತು. ಹ್ಯಾಮಿಲ್ಟನ್‌ಗೆ ಇದು ಅನ್ಯಾಯವೇ ಸರಿ. ಅವರು ಈ ಕೇಸಿಗೆ ಫೀಸು ಕೂಡ ತೆಗೆದುಕೊಳ್ಳಲಿಲ್ಲ. ನ್ಯೂಯಾರ್ಕ್ ನಗರವೇ ಚಿನ್ನದ ಪೆಟ್ಟಿಗೆಯಲ್ಲಿ ಗೌರವಪತ್ರ ಇಟ್ಟು ಅವರನ್ನು ಸನ್ಮಾನಿಸಿತು.