ಬೆರಳಿಗೆ ನಿಲುಕುವ ಹಾಡು

1830ರ ಆಗಸ್ಟ್ ತಿಂಗಳಿನಲ್ಲಿ ಜರ್ಮನಿಯ ತ್ಸ್ವಿಕಾವ್ ಪಟ್ಟಣದ ವಿಧವೆಯೊಬ್ಬಳ ಕೈಗೆ ಲೈಪ್‌ಜಿಗ್ ನಗರದಿಂದ ಒಂದು ಪತ್ರ ಬಂದಿತು. ನ್ಯಾಯಶಾಸ್ತ್ರ ಓದಲೆಂದು ಮನೆ ಬಿಟ್ಟುಹೋಗಿದ್ದ ಅವಳ ಮಗ ಕಾನೂನಿನ ಪುಸ್ತಕಗಳನ್ನು ಮುಚ್ಚಿಟ್ಟು, ಪಿಯಾನೋ ವಾದಕನಾಗುವೆನೆಂದು ಹಟ ಹಿಡಿದಿದ್ದ. ಕಳವಳಗೊಂಡ ತಾಯಿ ಅವನ ಸಂಗೀತದ ಗುರುವನ್ನೇ ವಿಚಾರಿಸಿದ್ದಳು: ಈ ಹಂಬಲದಲ್ಲಿ ಹುರುಳುಂಟೇ? ಗುರು ಫ್ರೀಡ್ರಿಕ್ ವೀಕ್ ಬರೆದ ಉತ್ತರ ಯಾವ ತಾಯಿಯ ಕಣ್ಣನ್ನಾದರೂ ತೇವಗೊಳಿಸುವಂತಹುದು. ಮೂರೇ ವರ್ಷಗಳಲ್ಲಿ ಆಕೆಯ ಮಗನನ್ನು ಆ ಕಾಲದ ಅತಿ ಶ್ರೇಷ್ಠ ಪಿಯಾನೋ ವಾದಕರ ಸಾಲಿನಲ್ಲಿ ನಿಲ್ಲಿಸುವುದಾಗಿ ಆತ ಮಾತು ಕೊಟ್ಟಿದ್ದ. ಶಿಷ್ಯನು ದಿನದಿನವೂ ತಾಳ್ಮೆಯಿಂದ ದುಡಿಯಬೇಕೆಂಬ ಷರತ್ತೂ ಅದರೊಡನೆ ಇತ್ತು.

ಆ ತರುಣನ ಹೆಸರು ರಾಬರ್ಟ್ ಷೂಮನ್, ವಯಸ್ಸು ಇಪ್ಪತ್ತು.

ಗುರುವಿನ ಮಾತಿನಲ್ಲಿ ಶಿಷ್ಯನ ಕಿವಿಗೆ ಬಿದ್ದದ್ದು ‘ಮೂರು ವರ್ಷ’ ಎಂಬುದು. ಮನಸ್ಸಿನಲ್ಲಿ ನಿಲ್ಲದೆ ಹೋದದ್ದು ‘ತಾಳ್ಮೆ’ ಎಂಬುದು. ಬಾಲ್ಯದಲ್ಲಿ ಕ್ರಮವಾಗಿ ಆಗಬೇಕಾಗಿದ್ದ ಸಾಧನೆಯನ್ನು ಆತ ಈಗ ಬಲವಂತದಿಂದ ತುಂಬಿಕೊಳ್ಳಹೊರಟ. ದಿನಕ್ಕೆ ಹಲವು ಗಂಟೆಗಳ ಅಭ್ಯಾಸ ನಡೆಯಿತು. ಬೆರಳಿನ ಬಲವನ್ನು ಹೆಚ್ಚಿಸುವುದಕ್ಕೆಂದು ಒಂದು ಯಾಂತ್ರಿಕ ಸಾಧನದ ಪ್ರಯೋಗವೂ ನಡೆಯಿತು. 1832ರ ವೇಳೆಗೆ ಬಲಗೈಯ ನಡುಬೆರಳು ಮಾತು ಕೇಳದಾಯಿತು. ದೋಷ ಆ ಸಾಧನದ್ದೋ, ಅತಿಯಾದ ದುಡಿಮೆಯದೋ, ನರಗಳ ವ್ಯಾಧಿಯದೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇಂದಿಗೂ ಉಂಟು. ಕಾರಣವೇನೇ ಇರಲಿ, ಕಚೇರಿಯ ವಾದಕನಾಗುವ ಕನಸು ಅಲ್ಲಿಗೇ ಮುಗಿಯಿತು. ಮೂರು ವರ್ಷದ ಗಡುವು ತುಂಬುವುದಕ್ಕೆ ಇನ್ನೂ ಸಮಯವಿತ್ತು!

ಪಿಯಾನೋ ಕಲಿಯುವವರ ಮುಂದೆ ಒಂದು ವಿಚಿತ್ರ ಆಮಿಷವಿರುತ್ತದೆ. ಕರ್ನಾಟಕ ಸಂಗೀತದಲ್ಲಿ ಸರಳೆ, ಜಂಟಿ, ಅಲಂಕಾರ, ಗೀತೆ, ವರ್ಣ, ಆಮೇಲೆ ಕೃತಿ ಎಂಬ ಮೆಟ್ಟಿಲುಗಳನ್ನು ಪರಂಪರೆಯೇ ಕಟ್ಟಿಕೊಟ್ಟಿದೆ. ಮಾಯಾಮಾಳವಗೌಳದಲ್ಲಿ ಸರಳೆ ಹಾಡುತ್ತಿರುವ ಮಗುವಿಗೆ ನಾಳೆಯೇ ದೊಡ್ಡ ವರ್ಣ ಹೇಳಿಕೊಡಿರೆಂದು ಯಾವ ತಾಯಿಯೂ ಕೇಳುವುದಿಲ್ಲ. ಪಿಯಾನೋದ ಸಂಗತಿ ಹಾಗಲ್ಲ. ಅಲ್ಲಿ ಸಂಗೀತವೆಲ್ಲ ಅಚ್ಚಾಗಿ ಅಂಗಡಿಯಲ್ಲಿ ಕುಳಿತಿದೆ. ನಿನ್ನೆ ಸ್ವರಲಿಪಿ ಕಲಿತವನೂ ಇಂದು ಬೀಥೋವನನ ‘ಮೂನ್‌ಲೈಟ್’ ಸೊನಾಟವನ್ನು ಕೊಂಡು ತೆರೆದಿಡಬಹುದು. ಅದರ ಮೊದಲ ಭಾಗ ನಿಧಾನಗತಿಯದು; ತಡವರಿಸುತ್ತಲಾದರೂ ಒಂದೆರಡು ಪುಟ ಸಾಗುತ್ತದೆ. ಮೂರನೆಯ ಭಾಗದ ಬಿರುಗಾಳಿ ಎದುರಾದಾಗ ಬೆರಳುಗಳು ತರಗೆಲೆಗಳಂತೆ ಚದುರಿಹೋಗುತ್ತವೆ. ಆಗ ಕಲಿಯುವವನು ತನ್ನ ಆಯ್ಕೆ ತಪ್ಪೆಂದುಕೊಳ್ಳುವುದಿಲ್ಲ. ತನಗೆ ಪ್ರತಿಭೆಯೇ ಇಲ್ಲವೆಂದುಕೊಳ್ಳುತ್ತಾನೆ. ಎಷ್ಟೋ ಮನೆಗಳಲ್ಲಿ ಪಿಯಾನೋದ ಮುಚ್ಚಳ ಶಾಶ್ವತವಾಗಿ ಮುಚ್ಚುವುದು ಈ ಗಳಿಗೆಯಲ್ಲಿಯೇ.

ಪ್ರತಿಭೆಯ ಮಾತು ಬಂದಾಗ ಫ್ರಾನ್ಸ್ ಲಿಸ್ಟ್‌ನನ್ನು ನೆನೆಯಬೇಕು. 1820ರಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿಯೇ, ಸಭೆಯ ಮುಂದೆ ನುಡಿಸಿ ಚಪ್ಪಾಳೆ ಗಿಟ್ಟಿಸಿದ ಬಾಲಕ ಅವನು. 1822ರಲ್ಲಿ ತಂದೆ ಅವನನ್ನು ವಿಯೆನ್ನಾಕ್ಕೆ ಕರೆತಂದು, ಬೀಥೋವನನ ಶಿಷ್ಯ ಕಾರ್ಲ್ ಚೆರ್ನಿಯ ಬಳಿ ಬಿಟ್ಟ. ಹುಡುಗನಲ್ಲಿ ಅಪೂರ್ವ ಶಕ್ತಿಯುಂಟು, ಆದರೆ ಬೆರಳುಗಳಿಗೆ ಶಿಸ್ತಿಲ್ಲ ಎಂಬುದನ್ನು ಚೆರ್ನಿ ಕೂಡಲೇ ಕಂಡುಕೊಂಡ. ದೊಡ್ಡ ಕೃತಿಗಳನ್ನು ಬದಿಗಿರಿಸಿ ಸ್ವರಶ್ರೇಣಿಗಳನ್ನು ಸಾಧನೆ ಮಾಡಿಸಿದ. ಬಳಿಕ ಕ್ಲೆಮೆಂಟಿಯ ಸೊನಾಟಗಳನ್ನು ಕೈಗಿತ್ತು, ತಾಳ, ನಾದ, ಬೆರಳ ವಿನ್ಯಾಸಗಳನ್ನು ತಿದ್ದಿದ. ಹೊಗಳಿಕೆಗೆ ಒಗ್ಗಿದ್ದ ಹುಡುಗನಿಗೆ ಅದು ರುಚಿಸಿರಲಾರದು. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಆತ ವಿಯೆನ್ನಾದ ಸಭೆಯಲ್ಲಿ ಹುಮ್ಮೆಲ್‌ನ ಕಠಿಣವಾದ ಕನ್ಸರ್ಟೋ ಒಂದನ್ನು ನುಡಿಸಿ ಜನರನ್ನು ಬೆರಗುಗೊಳಿಸಿದ. ಒಂದು ಹೆಜ್ಜೆ ಹಿಂದಿಟ್ಟದ್ದರಿಂದ ಲಿಸ್ಟ್‌ನಿಗೆ ನಷ್ಟವಾಗಲಿಲ್ಲ.

ಹಾಗಾದರೆ ಸಾಮಾನ್ಯ ವಿದ್ಯಾರ್ಥಿ ತನ್ನ ಮುಂದಿನ ಕೃತಿಯನ್ನು ಆರಿಸಿಕೊಳ್ಳುವುದು ಹೇಗೆ?

ಅನುಭವಿ ಶಿಕ್ಷಕರ ಒಂದು ಪರೀಕ್ಷೆ ಬಹು ಸರಳವಾದುದು. ಹೊಸ ಕೃತಿಯ ಒಂದು ಪುಟವನ್ನು ನಿಗದಿತ ವೇಗದ ಅರ್ಧದಷ್ಟರಲ್ಲಿ ಎರಡು ಕೈಗಳಿಂದಲೂ ನುಡಿಸಿ ನೋಡಬೇಕು. ಅಲ್ಲಲ್ಲಿ ಎಡವಿದರೂ ಕೆಲವು ದಿನಗಳಲ್ಲಿ ರೂಪ ಮೂಡುವಂತಿದ್ದರೆ ಅದು ನಿಲುಕುವ ಕೃತಿ. ಪ್ರತಿ ಸಾಲಿನಲ್ಲಿಯೂ ನಿಂತು ಸ್ವರಗಳನ್ನು ಎಣಿಸಬೇಕಾದರೆ ಅದು ಇನ್ನೂ ಒಂದೆರಡು ವರ್ಷ ಕಾಯಲಿ. ಕೃತಿಯ ಕಷ್ಟವನ್ನು ಅದರ ಮೊದಲ ಸಾಲಿನಿಂದ ಅಳೆಯಬಾರದು. ಅತ್ಯಂತ ಕಠಿಣವಾದ ಸಾಲಿನಿಂದ ಅಳೆಯಬೇಕು. ‘ಫ್ಯೂರ್ ಎಲೀಸ್’ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಆರಂಭವನ್ನು ನುಡಿಸದ ಮಕ್ಕಳಿಲ್ಲ. ನಡುವಣ ಬಿರುಸಾದ ಸ್ವರಗಳನ್ನೂ, ಎಡಗೈಯಲ್ಲಿ ಎಡೆಬಿಡದೆ ಮಿಡಿಯುವ ಒಂದೇ ಸ್ವರವನ್ನೂ ದಾಟಿ ಕೊನೆ ಮುಟ್ಟಿಸುವವರು ವಿರಳ.

ಮೆಟ್ಟಿಲುಗಳಿಗೇನೂ ಕೊರತೆಯಿಲ್ಲ. ಬಾಖ್ ತನ್ನ ಪತ್ನಿ ಆನಾ ಮಗ್ದಲೇನಳಿಗಾಗಿ 1725ರಲ್ಲಿ ತೊಡಗಿಸಿದ ಪುಸ್ತಕದಲ್ಲಿರುವ ಜಿ ಮೇಜರ್ ಮಿನ್ಯುಯೆಟ್ (ಅದನ್ನು ರಚಿಸಿದವನು ಕ್ರಿಸ್ಟಿಯಾನ್ ಪೆಟ್ಸೋಲ್ಡ್ ಎಂದು ಈಗ ತಿಳಿದುಬಂದಿದೆ), ಕ್ಲೆಮೆಂಟಿಯ ಸೊನಾಟಿನಗಳು, ಬಾಖ್‌ನ ಹದಿನೈದು ಇನ್ವೆನ್‌ಷನ್‌ಗಳು — ಇವೆಲ್ಲ ಒಂದರ ಮೇಲೊಂದು ಎತ್ತರವಾದ ಪಾವಟಿಗೆಗಳು. ಇಪ್ಪತ್ತನೆಯ ಶತಮಾನದಲ್ಲಿ ಹಂಗೇರಿಯ ಬೇಲಾ ಬಾರ್ಟೋಕ್ 153 ಕಿರು ರಚನೆಗಳನ್ನು ಆರು ಸಂಪುಟಗಳಲ್ಲಿ ಜೋಡಿಸಿ ‘ಮಿಕ್ರೋಕಾಸ್ಮೋಸ್’ ಎಂದು ಹೆಸರಿಟ್ಟ. ಮೊದಲ ಸಂಪುಟದ ಮೊದಲ ಪಾಠ ಏನೂ ಅರಿಯದ ಮಗುವಿಗೆ; ಆರನೆಯ ಸಂಪುಟ ಪಳಗಿದ ವಾದಕರಿಗೆ. ಮೊದಲ ಎರಡು ಸಂಪುಟಗಳನ್ನು ಆತ ತನ್ನ ಮಗ ಪೇಟರನಿಗೆ ಅರ್ಪಿಸಿದ.

ಗುರಿಯನ್ನು ವರ್ಷದ ಲೆಕ್ಕದಲ್ಲಿ ಇಟ್ಟುಕೊಳ್ಳುವವರು ಅದನ್ನು ಮೂರು ಪಾಲು ಮಾಡಿಕೊಳ್ಳುವುದು ಲೇಸು. ಒಂದೆರಡು ವಾರಗಳಲ್ಲಿ ಕೈವಶವಾಗುವ ಸಣ್ಣ ರಚನೆಗಳು ಮೊದಲ ಪಾಲು. ಓದಿನ ವೇಗವನ್ನು ಹೆಚ್ಚಿಸುವವು ಇವೇ. ಒಂದೆರಡು ತಿಂಗಳ ಶ್ರಮವನ್ನು ಬೇಡುವ ಕೃತಿ ಎರಡನೆಯದು. ಇಡೀ ವರ್ಷದಲ್ಲಿ ಒಂದೇ ಒಂದು ಮಹತ್ವಾಕಾಂಕ್ಷೆಯ ಕೃತಿ ಮೂರನೆಯದು. ಒಂದಕ್ಕಿಂತ ಹೆಚ್ಚು ಬೇಡ. ಕಲಿತದ್ದರಲ್ಲಿ ನಾಲ್ಕಾರನ್ನು ಯಾವಾಗ ಕೇಳಿದರೂ ನುಡಿಸುವಂತೆ ಉಳಿಸಿಕೊಂಡರೆ, ಅದೇ ಆ ವಿದ್ಯಾರ್ಥಿಯ ನಿಜವಾದ ಆಸ್ತಿ. ಹನಿಗೂಡಿದರೆ ಹಳ್ಳವೆಂಬ ಗಾದೆ ಸಂಗೀತಕ್ಕೂ ಸಲ್ಲುತ್ತದೆ. ಹೆತ್ತವರೂ ಒಂದು ಸಂಯಮವನ್ನು ಪಾಲಿಸಬೇಕು. ಬಂದ ಅತಿಥಿಗಳ ಮುಂದೆ ‘ಏನಾದರೂ ದೊಡ್ಡದನ್ನು ನುಡಿಸು’ ಎಂದು ಮಗುವನ್ನು ಒತ್ತಾಯಿಸುವುದಕ್ಕಿಂತ, ‘ನಿನಗೆ ಚೆನ್ನಾಗಿ ಬರುವುದನ್ನು ನುಡಿಸು’ ಎನ್ನುವುದು ಮೇಲು.

ಷೂಮನ್‌ನ ಕಥೆ ಮುರಿದ ಕನಸಿನಲ್ಲಿ ಮುಗಿಯಲಿಲ್ಲ. ಆತ ಹಿರಿಯ ವಾಗ್ಗೇಯಕಾರನಾದ. ಕ್ರಮವಾದ ಶಿಕ್ಷಣ ಪಡೆದ ವೀಕ್‌ನ ಮಗಳು ಕ್ಲಾರಾ ಯೂರೋಪಿನ ಪ್ರಖ್ಯಾತ ವಾದಕಿಯಾಗಿ, ಅವನ ಪತ್ನಿಯೂ ಆಗಿ, ಅವನ ಕೈ ನುಡಿಸಲಾರದುದನ್ನು ತನ್ನ ಕೈಯಿಂದ ನುಡಿಸಿದಳು. 1848ರ ಸೆಪ್ಟೆಂಬರ್ 1ರಂದು ಅವರ ಹಿರಿಯ ಮಗಳು ಮರೀಗೆ ಏಳು ವರ್ಷ ತುಂಬಿತು. ಹುಟ್ಟುಹಬ್ಬದ ಉಡುಗೊರೆಯೆಂದು ತಂದೆ ಕೆಲವು ಪುಟ್ಟ ರಚನೆಗಳನ್ನು ಬರೆದುಕೊಟ್ಟ. ಅವೇ ಬೆಳೆದು ನಲವತ್ಮೂರು ರಚನೆಗಳ ‘ಎಳೆಯರ ಸಂಪುಟ’ವಾದವು. ಮೊದಲಿನ ಹದಿನೆಂಟು ಚಿಕ್ಕವರಿಗೆ, ಉಳಿದವು ತುಸು ಬೆಳೆದವರಿಗೆ ಎಂದು ಆತನೇ ವಿಂಗಡಿಸಿಟ್ಟ. ಬಳಿಕ ಎಳೆಯ ಸಂಗೀತಗಾರರಿಗೆ ಕೆಲವು ಹಿತವಚನಗಳನ್ನೂ ಬರೆದ. ಸುಲಭವಾದುದನ್ನು ಸೊಗಸಾಗಿ ನುಡಿಸುವುದು, ಕಠಿಣವಾದುದನ್ನು ಹೇಗೋ ನುಡಿಸುವುದಕ್ಕಿಂತ ಮೇಲೆಂಬುದು ಅವುಗಳ ಸಾರಗಳಲ್ಲೊಂದು. ಆ ಮಾತಿನ ಬೆಲೆಯನ್ನು ಆತ ತನ್ನ ಬೆರಳಿನಿಂದಲೇ ತೆತ್ತಿದ್ದ.

ಆ ಸಂಪುಟದ ಹತ್ತನೆಯ ರಚನೆ, ದುಡಿದು ಮನೆಗೆ ಮರಳುವ ನಲಿವಿನ ರೈತನ ಹಾಡು. ಅಲ್ಲಿ ರಾಗ ನಡೆಯುವುದು ಎಡಗೈಯಲ್ಲಿ. ಬಲಗೈ ಬಹುಮಟ್ಟಿಗೆ ಜೊತೆಗೂಡುತ್ತದೆ, ಅಷ್ಟೇ. ಪ್ರಪಂಚದ ಯಾವುದೋ ಮನೆಯಲ್ಲಿ ಇಂದಿಗೂ ಮಗುವೊಂದು ಅದನ್ನು ತಪ್ಪಿಲ್ಲದೆ ಕೊನೆಯವರೆಗೆ ನುಡಿಸಿ, ತಲೆಯೆತ್ತಿ ತಾಯಿಯ ಮುಖ ನೋಡುತ್ತಿರುತ್ತದೆ. ಹನ್ನೊಂದನೆಯ ಪುಟ ತಿರುವುವ ಹಕ್ಕು ಅದಕ್ಕೆ ಬಂದಿದೆ.