ಅಂಗಾಲಿನ ಆಣಿಯೋ, ಅರ್ಬುದವೋ?

ಶಿರಾಳಕೊಪ್ಪದ ಸುತ್ತಿನ ಗದ್ದೆ ತೋಟಗಳಲ್ಲಿ ಬರಿಗಾಲಿನಿಂದ ದುಡಿಯುವವರಿಗೆ ಆಣಿ, ನರಹುಲಿ, ಮುಳ್ಳು ಮುರಿದ ಗಾಯಗಳು ಹೊಸವಲ್ಲ. ಇವುಗಳಲ್ಲಿ ಬಹುತೇಕ ಎಲ್ಲವೂ ನಿರಪಾಯಕರವೇ. ಆದರೆ ಇವುಗಳ ವೇಷವನ್ನೇ ತೊಟ್ಟು ಬರುವ ವೈರಿಯೊಂದುಂಟು. ಅದೇ ಮೆಲನೋಮ ಎಂಬ ಚರ್ಮದ ಅರ್ಬುದ, ಎಂದರೆ ಕ್ಯಾನ್ಸರ್.

ಚರ್ಮಕ್ಕೆ ಬಣ್ಣ ಕೊಡುವ ವಸ್ತು ಮೆಲನಿನ್. ಅದನ್ನು ತಯಾರಿಸುವ ಜೀವಕೋಶಗಳು ಕಟ್ಟುಮೀರಿ ಬೆಳೆದಾಗ ಈ ರೋಗ ಹುಟ್ಟುತ್ತದೆ. ಬಿಳಿಯ ಜನರಲ್ಲಿ ಇದಕ್ಕೆ ಬಿಸಿಲೇ ಮುಖ್ಯ ಕಾರಣ. ಭಾರತೀಯರಲ್ಲಿ ಇದು ಅಪರೂಪ. ಚರ್ಮದಲ್ಲಿ ಕಾಣಿಸಿಕೊಂಡರೆ, ಬಿಸಿಲು ತಾಕದ ಅಂಗಾಲೇ ಇದರ ಮುಖ್ಯ ನೆಲೆ. ಉಗುರಿನಡಿಯಲ್ಲಿಯೂ ಬರುವುದುಂಟು. ಜಮೈಕದ ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳಿನ ಹುಣ್ಣನ್ನು ಮೊದಲು ಕಾಲ್ಚೆಂಡಾಟದ ಪೆಟ್ಟೆಂದೇ ಭಾವಿಸಲಾಗಿತ್ತು. 1977ರಲ್ಲಿ ಅದು ಮೆಲನೋಮವೆಂದು ತಿಳಿಯಿತು. 1981ರಲ್ಲಿ, 36 ವರ್ಷದ ಆತನು ತೀರಿಕೊಂಡನು.

ಹಾಗಾದರೆ ಗುರುತಿಸುವುದು ಹೇಗೆ? ಆಣಿಯ ಮೇಲೆ ಚರ್ಮದ ಗೆರೆಗಳು ಅಳಿಯದೆ ಹಾಯುತ್ತವೆ. ನರಹುಲಿಯಲ್ಲಿ ಗೆರೆಗಳು ತುಂಡಾಗಿ, ಮೇಲ್ಪದರವನ್ನು ಹೆರೆದಾಗ ಕರಿಯ ಚುಕ್ಕೆಗಳು ಕಾಣುತ್ತವೆ. ಅವು ಹೆಪ್ಪುಗಟ್ಟಿದ ಕಿರಿಯ ರಕ್ತನಾಳಗಳು. ಮೆಲನೋಮದ ಕಪ್ಪಾದರೋ ಚೆಲ್ಲಿದ ಮಸಿಯಂತೆ ಅಂಕುಡೊಂಕಾಗಿ ಹರಡುತ್ತದೆ. ಆದರೆ ಕೆಲವು ಮೆಲನೋಮಗಳಲ್ಲಿ ಕಪ್ಪೇ ಇರದು! ಕೆಂಪನೆಯ ಹಸಿಮಾಂಸದ ಮುದ್ದೆಯಂತಿದ್ದು, ತಗುಲಿದೊಡನೆ ರಕ್ತ ಸುರಿಸುತ್ತವೆ. ಇಲ್ಲಿ ನುರಿತ ವೈದ್ಯರ ಕಣ್ಣೂ ಮೋಸಹೋಗಬಹುದು.

ಆದುದರಿಂದ ಕಡೆಯ ತೀರ್ಪು ಸೂಕ್ಷ್ಮದರ್ಶಕದ್ದು. ಗಂಟಿನ ಚೂರೊಂದನ್ನು ತೆಗೆದು, ಮೇಣದಲ್ಲಿ ಹುದುಗಿಸಿ, ತೆಳುವಾದ ಪದರಗಳಾಗಿ ಕೊಯ್ದು, ಬಣ್ಣವೇರಿಸಿ ನೋಡುವ ಈ ಪರೀಕ್ಷೆಯೇ ಬಯಾಪ್ಸಿ. 1970ರಲ್ಲಿ ಅಮೆರಿಕದ ಅಲೆಕ್ಸಾಂಡರ್ ಬ್ರೆಸ್ಲೋ ಎಂಬ ವೈದ್ಯನು ಗಡ್ಡೆಯ ದಪ್ಪವನ್ನು ಮಿಲಿಮೀಟರುಗಳಲ್ಲಿ ಅಳೆದು, ರೋಗಿಯ ಭವಿಷ್ಯವು ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆಯೆಂದು ತೋರಿಸಿಕೊಟ್ಟನು. ಒಂದು ಮಿಲಿಮೀಟರು ದಾಟುವ ಮೊದಲೇ ಕತ್ತರಿಸಿ ತೆಗೆದರೆ ಹೆಚ್ಚುಮಂದಿ ಗುಣಹೊಂದುತ್ತಾರೆ. ಆಳಕ್ಕಿಳಿದ ರೋಗವು ತೊಡೆಸಂದಿನ ಗ್ರಂಥಿಗಳಿಗೂ ಅಲ್ಲಿಂದ ಶ್ವಾಸಕೋಶಗಳಿಗೂ ಹಬ್ಬಬಲ್ಲುದು.

ಆಣಿಯೆಂದು ಬಗೆದು ಬ್ಲೇಡಿನಿಂದ ಹೆರೆಯುತ್ತಲೋ, ಸುಣ್ಣ ಹಚ್ಚಿ ಸುಡುತ್ತಲೋ ಕಳೆಯುವ ತಿಂಗಳುಗಳ ಬೆಲೆ ಇದರಿಂದ ತಿಳಿಯುತ್ತದೆ. ಎರಡು ತಿಂಗಳಾದರೂ ಮಾಯದ ಹುಣ್ಣು, ರಕ್ತ ಒಸರುವ ಗಂಟು, ದೊಡ್ಡದಾಗುತ್ತಿರುವ ಕಪ್ಪು ಮಚ್ಚೆ, ಪೆಟ್ಟಿಲ್ಲದೆ ಉಗುರಿನಲ್ಲಿ ಮೂಡಿದ ಕರಿಯ ಪಟ್ಟಿ — ಇವನ್ನು ಕಂಡರೆ ವೈದ್ಯರಲ್ಲಿಗೆ ಹೋಗಬೇಕು. ಶಿರಾಳಕೊಪ್ಪದವರಿಗೆ ಜಿಲ್ಲೆಯ ದೊಡ್ಡ ಸರ್ಕಾರಿ ಆಸ್ಪತ್ರೆಯೆಂದರೆ ಶಿವಮೊಗ್ಗದ ಮೆಗ್ಗಾನ್. ಎಲ್ಲಿಯೇ ಆಗಲಿ, ಕೊಯ್ದು ತೆಗೆದ ಗಂಟನ್ನು ಎಸೆಯಗೊಡದೆ ಪರೀಕ್ಷೆಗೆ ಕಳುಹಿಸುವಂತೆ ಕೇಳಿಕೊಳ್ಳುವುದು ರೋಗಿಯ ಹಕ್ಕು. ಸ್ನಾನದ ವೇಳೆ ಮುಖದಂತೆಯೇ ಅಂಗಾಲನ್ನೂ ಒಮ್ಮೆ ತಿರುಗಿಸಿ ನೋಡುವುದಕ್ಕೆ ಕಾಸಿನ ಖರ್ಚೂ ಇಲ್ಲ.