ಬೆಳಿಗ್ಗೆ ಏಳರಿಂದ ಒಂಬತ್ತು

ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಪ್ರಾಸ್ಪೆಕ್ಟ್ ಪಾರ್ಕ್ ಇದೆ. ವಿಸ್ತಾರ 526 ಎಕರೆ. ಓಮ್‌ಸ್ಟೆಡ್ ಮತ್ತು ವಾಕ್ಸ್ ಎಂಬ ವಿನ್ಯಾಸಕರ ಕೈಚಳಕದ ಈ ಉದ್ಯಾನ 1867ರಲ್ಲಿ ಜನರಿಗೆ ತೆರೆದಾಗ ಒಳಗಿನ ಸುತ್ತುರಸ್ತೆಯಲ್ಲಿ ಓಡುತ್ತಿದ್ದದ್ದು ಕುದುರೆಗಾಡಿ. ಕಾರು ಬಂದಮೇಲೆ ಅದೇ ರಸ್ತೆ ಆಫೀಸಿಗೆ ಹೊರಟವರ ಒಳದಾರಿಯಾಯಿತು.

ಕಾರುಗಳನ್ನು ಹೊರಗಿಡಬೇಕೆಂಬ ಬೇಡಿಕೆ ಹಳೆಯದು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ 1966ರಲ್ಲೇ ವಾರಾಂತ್ಯಕ್ಕೆ ವಾಹನ ತಡೆ ಶುರುವಾಗಿತ್ತು. ಮುಂದೆ ಎರಡೂ ಉದ್ಯಾನಗಳಲ್ಲಿ ಕಾರಿನ ಸಮಯ ಹಂತಹಂತವಾಗಿ ಕರಗಿತು. ಕೊನೆಗೆ ಉಳಿದದ್ದು ದಟ್ಟಣೆಯ ಹೊತ್ತು. ಬಿಡಿಸಿಕೊಳ್ಳಲು ಅತಿ ಕಷ್ಟವಾದದ್ದೂ ಅದೇ. ಓಡುವವರು, ಸೈಕಲ್ಲಿನವರು, ನಾಯಿ ಹಿಡಿದು ಬರುವವರು ಎಲ್ಲರಿಗೂ ಬೇಕಾದ ಹೊತ್ತು ಕೂಡ ಅದೇ ತಾನೆ!

ಈ ಕೊನೆಯ ಗಂಟೆಗಳಿಗಾಗಿ ನಡೆದ ಹೋರಾಟದಲ್ಲಿ ಹೈಸ್ಕೂಲು ಓದುವ ಹುಡುಗ ಹುಡುಗಿಯರ ಗುಂಪೂ ಇತ್ತು. ‘ಟ್ರಾನ್ಸ್‌ಪೋರ್ಟೇಶನ್ ಆಲ್ಟರ್ನೇಟಿವ್ಸ್’ ಎಂಬ ಹಳೆಯ ಸಂಘಟನೆಯ ಬೆಂಬಲದಲ್ಲಿ ಅವರು ಸಾವಿರಾರು ಸಹಿ ಸಂಗ್ರಹಿಸಿದರು. ಮತದಾನದ ವಯಸ್ಸು ಇನ್ನೂ ಆಗದವರು, ಆದರೆ ಉದ್ಯಾನದ ನಿಜವಾದ ಗಿರಾಕಿಗಳು. ಅವರ ಪರವಾಗಿ ಗಟ್ಟಿ ಲೆಕ್ಕವೂ ಇತ್ತು: ಬ್ರೂಕ್ಲಿನ್‌ನ ಅರ್ಧಕ್ಕೂ ಹೆಚ್ಚು ಮನೆಗಳಲ್ಲಿ ಕಾರೇ ಇಲ್ಲ.

ಎದುರು ವಾದವನ್ನೂ ತಳ್ಳಿಹಾಕುವಂತಿರಲಿಲ್ಲ. ಒಳದಾರಿ ಮುಚ್ಚಿದರೆ ಆ ಕಾರುಗಳೆಲ್ಲ ಪಕ್ಕದ ಫ್ಲಾಟ್‌ಬುಷ್ ಅವೆನ್ಯೂಗೆ ನುಗ್ಗುವುದಿಲ್ಲವೇ? ಇದಕ್ಕೆ ಉತ್ತರ ಭಾಷಣದಲ್ಲಿ ಸಿಗುವಂಥದ್ದಲ್ಲ, ಮುಚ್ಚಿಯೇ ನೋಡಬೇಕು. 2015ರಲ್ಲಿ ಪಶ್ಚಿಮದ ರಸ್ತೆ ಪೂರ್ತಿ ಮುಚ್ಚಿತು. ಪೂರ್ವದಲ್ಲಿ ಬೆಳಿಗ್ಗೆ ಏಳರಿಂದ ಒಂಬತ್ತು ಮಾತ್ರ ಉಳಿಯಿತು. 2017ರ ಬೇಸಿಗೆಯಲ್ಲಿ ಮೇಯರ್ ಡಿ ಬ್ಲಾಸಿಯೊ ಅದನ್ನೂ ಪ್ರಯೋಗಕ್ಕೆಂದು ನಿಲ್ಲಿಸಿದರು. ಸುತ್ತಲಿನ ಬೀದಿಗಳಲ್ಲಿ ನಗರದ ಸಾರಿಗೆ ಇಲಾಖೆಗೆ ಹೇಳಿಕೊಳ್ಳುವಂಥ ತೊಂದರೆ ಕಾಣಲಿಲ್ಲ. 2018ರ ಜನವರಿಯಿಂದ ಉದ್ಯಾನ ಕಾರುಮುಕ್ತ. ಅದೇ ಜೂನ್‌ನಲ್ಲಿ ಸೆಂಟ್ರಲ್ ಪಾರ್ಕಿನ ಸುತ್ತುರಸ್ತೆಯೂ. ಆಂಬುಲೆನ್ಸಿನಂಥ ತುರ್ತು ವಾಹನಗಳಿಗೆ ಅಡ್ಡಿಯಿಲ್ಲ.

ಬೆಂಗಳೂರಿನ ಕಬ್ಬನ್ ಪಾರ್ಕ್ ಸಿಕ್ಕಿಬಿದ್ದಿರುವುದೂ ಇಂಥದೇ ದಟ್ಟಣೆಯ ಹೊತ್ತಿನಲ್ಲಿ. ಭಾನುವಾರ ವಾಹನಗಳಿಲ್ಲದ ಅಲ್ಲಿನ ರಸ್ತೆಗಳು 2020ರ ಲಾಕ್‌ಡೌನ್‌ನಲ್ಲಿ ವಾರಪೂರ್ತಿ ಖಾಲಿಯಾಗಿದ್ದವು. ಹಾಗೆಯೇ ಇರಲಿ ಎಂದು ನಾಗರಿಕರು ಒತ್ತಾಯಿಸಿದರೂ ಕೆಲಸದ ದಿನಗಳಲ್ಲಿ ಕಾರುಗಳು ಮತ್ತೆ ಒಳಗೆ ಬಂದವು.

ಬ್ರೂಕ್ಲಿನ್‌ನಲ್ಲೇನೂ ಜಗಳ ತೀರಿಲ್ಲ. 2023ರಲ್ಲಿ ನಗರ ಈ ಉದ್ಯಾನ ರಸ್ತೆಗಳಲ್ಲಿ ಎಲೆಕ್ಟ್ರಿಕ್ ಸೈಕಲ್‌ಗಳಿಗೆ ಪ್ರಯೋಗಾರ್ಥ ಅನುಮತಿ ಕೊಟ್ಟಿತು. ನಡೆಯುವವರ ದೂರು ಈಗ ಅವುಗಳ ವೇಗದ ಮೇಲೆ.